ಹುಣಸೆಹಣ್ಣು ಹಚ್ಚಿದ ಪಿಸ್ತೂಲು

ಶ್ರೀನಾಥ ಸತ್ತ ಹದಿನೈದನೆಯ ದಿನ ವೇದವಲ್ಲಿ ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸವೆಂದರೆ ಕಸ ಹಾಕಿದ್ದು. ಅಂದು ಮಂಗಳವಾರ, ಸುಡುವ ಕಸದ ದಿನ. ಗಂಡ ಹೋದನೆಂದು ಜಪಾನಿನ ಈ ಕಾಶಿವಾ ಊರಿನ ಕಸದ ಗಾಡಿ ಒಂದು ದಿನ ತಡೆದು ಬರುತ್ತದೆಯೇ? ಚೀಲದ ಬಾಯಿಗೆ ಗಂಟು ಹಾಕಿ, ಕಾಗೆ ಕೆದಕದಂತೆ ಬಲೆಯ ಕೆಳಗೆ ತಳ್ಳಿ, ಎದುರು ಮನೆಯಾಕೆಗೆ ತಲೆ ಬಾಗಿಸಿ ಒಳಗೆ ಬಂದಳು. ಕಾಫಿ ಮಾಡಿಕೊಂಡು ಕುಡಿದಳು. ರುಚಿ ಹೇಗಿತ್ತೆಂದು ಯಾರಾದರೂ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಅವಳು ಇನ್ನೂ ಅತ್ತಿರಲಿಲ್ಲ. ಮಿನಾಟೋ ಬಡಾವಣೆಯ ಆಫೀಸಿನಲ್ಲಿ ಮೀಟಿಂಗ್ ನಡುವೆ ಗಂಡ ಎದೆ ಹಿಡಿದುಕೊಂಡು ಕುಸಿದನೆಂದು ಫೋನ್ ಬಂದಾಗ ಅಳಲಿಲ್ಲ. ಮೈಸೂರಿನ ಪುರೋಹಿತರು ಲ್ಯಾಪ್‌ಟಾಪಿನೊಳಗಿಂದಲೇ ಮಂತ್ರ ಹೇಳಿ ಹದಿಮೂರನೆಯ ದಿನದ ಕಾರ್ಯ ಮುಗಿಸಿದಾಗಲೂ ಅಳಲಿಲ್ಲ. ಬಿಸಿಬೇಳೆಬಾತ್ ತಂದುಕೊಟ್ಟ ಊರಿನ ಇನ್ನೊಬ್ಬ ಕನ್ನಡತಿ ವಿಶಾಲಾಕ್ಷಿ, ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುತ್ತಾ, "ಗಟ್ಟಿಗಿತ್ತಿ ಕಣ್ರೀ, ಒಂದ್ ತೊಟ್ಟು ಕಣ್ಣೀರಿಲ್ಲ" ಎಂದು ಯಾರಿಗೋ ಫೋನಿನಲ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ! ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದರೆ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗೆ ಆಗಿತ್ತು, ಅಷ್ಟೇ.

ಹತ್ತು ಗಂಟೆಗೆ ತೊಕುನಾಗಾ-ಸಾನ್ ಬಂದರು. ಎಪ್ಪತ್ತೆಂಟು ವರ್ಷದ ಮುದುಕರು. ಸ್ಟೇಷನ್ ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು, ಈಗ ಅಂಗಡಿ ಮುಚ್ಚಿದ್ದಾರೆ. ಶ್ರೀನಾಥನಿಗೆ ಹಳೆಯ ಪಿಸ್ತೂಲಿನ ಹುಚ್ಚು ಹಿಡಿಸಿದ ಪುಣ್ಯಾತ್ಮರು ಇವರೇ. ಊದುಬತ್ತಿ ಹಚ್ಚಿ, ಫೋಟೋದ ಮುಂದೆ ಮಂಡಿಯೂರಿ ಕುಳಿತು ಎದ್ದವರು, "ಒಕುಸಾನ್" ಎಂದರು. ಮನೆಯಾಕೆಯನ್ನು ಇಲ್ಲಿ ಕರೆಯುವುದೇ ಹಾಗೆ. "ಕ್ಷಮಿಸಿ, ಇಂಥ ಹೊತ್ತಿನಲ್ಲಿ ಹೇಳಬಾರದು. ಆದರೆ ಪಿಸ್ತೂಲಿನ ಒಡೆತನ ಬದಲಾದರೆ ಇಪ್ಪತ್ತು ದಿನದೊಳಗೆ ಶಿಕ್ಷಣ ಮಂಡಳಿಗೆ ತಿಳಿಸಬೇಕು. ಈಗ ಐದೇ ದಿನ ಉಳಿದಿದೆ."

ಪಿಸ್ತೂಲಿಗೂ ಶಿಕ್ಷಣ ಮಂಡಳಿಗೂ ಏನು ಸಂಬಂಧ ಅಂತೀರಾ? ಜಪಾನಿನಲ್ಲಿ ಈಗಿನ ಪಿಸ್ತೂಲು ಇಟ್ಟುಕೊಂಡರೆ ನೇರ ಜೈಲು. ಆದರೆ ನೂರೈವತ್ತು ವರ್ಷಕ್ಕಿಂತ ಹಳೆಯದು, ಮದ್ದು ತುಂಬಿ ಕೇಪು ಇಟ್ಟು ಹೊಡೆಯುವಂಥದ್ದು ಕಲಾವಸ್ತುವಿನ ಲೆಕ್ಕ. ಮಂಡಳಿ ಒಂದು ನೋಂದಣಿ ಚೀಟಿ ಕೊಡುತ್ತದೆ. ಪಿಸ್ತೂಲು ಇರುವಲ್ಲಿ ಚೀಟಿ ಇರಬೇಕು, ಚೀಟಿಯಲ್ಲಿ ಬರೆದಿರುವಂತೆಯೇ ಪಿಸ್ತೂಲು ಇರಬೇಕು. ಇಷ್ಟೇ ಕಾನೂನು.

ಶ್ರೀನಾಥನ ಬಳಿ ಇದ್ದದ್ದು ಮೂರು. ಇಪ್ಪತ್ತನಾಲ್ಕು ವರ್ಷ ಈ ದೇಶದಲ್ಲಿ ದುಡಿದು ಕೂಡಿಸಿದ್ದು ಬರೀ ಮೂರೇ, ಯಾಕೆಂದರೆ ಅವನದೊಂದು ಹಟವಿತ್ತು. ಪಿಸ್ತೂಲು ಅಶ್ವದಳದ ಸವಾರನದೇ ಆಗಿರಬೇಕು, ಆ ಸವಾರ ಯಾರೆಂದು ಗೊತ್ತಿರಬೇಕು. "ಹೆಸರಿಲ್ದೇ ಇರೋ ಪಿಸ್ತೂಲು ಬರೀ ಕಬ್ಬಿಣ ಕಣೇ ವೇದಾ. ಹೆಸರಿದ್ರೆ ಮನುಷ್ಯ" ಎನ್ನುತ್ತಿದ್ದ. ಮೈಸೂರಿನಲ್ಲಿ ಕುದುರೆ ಪೊಲೀಸರ ಲಾಯದ ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದವನು. ಸವಾರರೆಂದರೆ ಪ್ರಾಣ. ಕುದುರೆ ಕಂಡರೆ ಮಾತ್ರ ಹತ್ತು ಮಾರು ದೂರ! ಮದುವೆಯ ಮೆರವಣಿಗೆಯಲ್ಲಿ ಕುದುರೆ ಹತ್ತಲೊಲ್ಲದೆ ಕಾರಿನಲ್ಲಿ ಬಂದ ಮದುಮಗ ಅವನು.

ವಾರವಿಡೀ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಂಡು, ಭಾನುವಾರ ಬಂದರೆ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂರುತ್ತಿದ್ದ. ಪಕ್ಕದಲ್ಲಿ ಭೂತಗನ್ನಡಿ, ಮೈಸೂರಿನಿಂದ ತರಿಸಿದ ಕೆಂಪು ರಟ್ಟಿನ ಉದ್ದ ನೋಟ್‌ಬುಕ್. ಅದರಲ್ಲಿ ಏನು ಬರೆಯುತ್ತಿದ್ದನೋ, ವೇದವಲ್ಲಿ ಒಂದು ದಿನವೂ ತೆರೆದು ನೋಡಿದವಳಲ್ಲ. ಅದಕ್ಕೆ ಅವಳು ಇಟ್ಟ ಹೆಸರು ಪಿಸ್ತೂಲು ಪುರಾಣ.

ಮೂರರಲ್ಲಿ ಅವನ ಜೀವವೆಲ್ಲ ಇದ್ದದ್ದು ಒಂದರ ಮೇಲೆ. ಅಮೆರಿಕದ ಅಂತರ್ಯುದ್ಧದಲ್ಲಿ ಎಜ್ರಾ ಹಾಲ್ಕಂ ಎಂಬ ಸವಾರನ ಸೊಂಟದಲ್ಲಿದ್ದ ಪಿಸ್ತೂಲು. ಯುದ್ಧ ಮುಗಿದ ಮೇಲೆ ಮಾರಾಟವಾಗಿ, ಹಡಗು ಹತ್ತಿ ಯೊಕೊಹಾಮಾಕ್ಕೆ ಬಂದು, ಒಬ್ಬ ಸಾಕೆ ವ್ಯಾಪಾರಿಯ ಉಗ್ರಾಣದಲ್ಲಿ ತಲೆಮಾರುಗಟ್ಟಲೆ ಮಲಗಿದ್ದು, ಕೊನೆಗೆ ತೊಕುನಾಗಾ-ಸಾನ್ ಮೂಲಕ ಶ್ರೀನಾಥನ ಕೈಗೆ ಬಂತು. ಅದರ ಹಿಡಿಯ ಹಿಂದೆ ಹಿತ್ತಾಳೆಯ ಪಟ್ಟಿ. ಪಟ್ಟಿಯ ಮೇಲೆ ಮೊಳೆಯಲ್ಲೋ ಚಾಕುವಿನ ಮೊನೆಯಲ್ಲೋ ಗೀಚಿದ ಅಕ್ಷರ: ಇ. ಹಾಲ್ಕಂ, ಎಫ್ ತುಕಡಿ. ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ತೆಳು. "ನೋಡೇ, ಈ 'ಎಫ್' ಹತ್ರ ಕೈ ಜಾರಿದೆ. ಇಪ್ಪತ್ತು ವರ್ಷದ ಹುಡುಗ ಇರ್ಬೇಕು, ಟೆಂಟಲ್ಲಿ ಕೂತ್ಕೊಂಡು ಕೆತ್ತಿದಾನೆ" ಎಂದು ಅವಳಿಗೆ ತೋರಿಸುತ್ತಿದ್ದ. ಅವಳು ಸೊಪ್ಪು ಬಿಡಿಸುತ್ತಾ "ಹೂಂ" ಎನ್ನುತ್ತಿದ್ದಳು.

ತೊಕುನಾಗಾ-ಸಾನ್ ಹೋದ ಮೇಲೆ ಮಗಳು ಹಂಸಾ ಪೆಟ್ಟಿಗೆಯಿಂದ ಚೀಟಿಗಳನ್ನು ತೆಗೆದು ಓದತೊಡಗಿದಳು. ನೋಮಿ ಎಂಬ ಊರಿನಲ್ಲಿ ಎಂ.ಎಸ್. ಓದುತ್ತಿರುವ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧಂಬರ್ಧ, ಅಕ್ಷರ ಬಾರದು. ಅಮ್ಮನಿಗೆ ತನ್ನ ಹೆಸರಿನ ಆಚೆ ಜಪಾನೀ ಅಕ್ಷರ ಬಾರದು. ಹೀಗೆ ಮನೆಯಲ್ಲಿ ಇಬ್ಬರೂ ಅರ್ಧರ್ಧ ಅನಕ್ಷರಸ್ಥರು. ಎರಡು ಪಿಸ್ತೂಲು ಚೀಟಿಯೊಂದಿಗೆ ಸರಿಯಾಗಿ ತಾಳೆಯಾದವು. ಮೂರನೆಯದನ್ನು ಕೈಯಲ್ಲಿ ಹಿಡಿದು ಹಂಸಾ ತಿರುಗಿಸಿ ತಿರುಗಿಸಿ ನೋಡಿದಳು.

"ಅಮ್ಮಾ, ಇದ್ರಲ್ಲಿ inscription ಇದೆ ಅಂತ ಬರ್ದಿದೆ. Brass ಮೇಲೆ, ಹೆಸರು. Where is it?"

"ಇಲ್ಲ."

"ಇಲ್ಲ ಅಂದ್ರೆ?"

"ನಾನೇ ಉಜ್ಜಿಬಿಟ್ಟೆ" ಎಂದಳು ವೇದವಲ್ಲಿ.

ಆರು ವರ್ಷದ ಹಿಂದಿನ ಆಯುಧಪೂಜೆ. ಪ್ರತಿವರ್ಷ ಪಿಸ್ತೂಲುಗಳನ್ನು ಪೂಜೆಗೆ ಇಡುತ್ತಿದ್ದವನು ಶ್ರೀನಾಥನೇ. ಬಿಳಿ ಬಟ್ಟೆಯ ಮೇಲೆ ಅವುಗಳನ್ನಿಟ್ಟು, ಪಕ್ಕದಲ್ಲಿ ಒಂದು ಸೇವಂತಿಗೆ. ಅರಿಶಿನ ಕುಂಕುಮ ತಾಗಿಸಲು ಬಿಡುತ್ತಿರಲಿಲ್ಲ. ಆ ವರ್ಷ ಆಫೀಸಿನ ಕೆಲಸದ ಮೇಲೆ ಓಸಾಕಾಕ್ಕೆ ಹೋದವನು ಪೂಜೆಯ ಹೊತ್ತಿಗೆ ಬರಲಿಲ್ಲ, ಸಂಜೆಯಾಗುತ್ತದೆ ಎಂದ. ವೇದವಲ್ಲಿ ಲ್ಯಾಪ್‌ಟಾಪ್, ಕಾರಿನ ಕೀ, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟಳು. ಪಿಸ್ತೂಲುಗಳನ್ನೂ ಪೆಟ್ಟಿಗೆಯಿಂದ ತೆಗೆದಳು. ಛೇ, ಈ ಹಾಲ್ಕಂನದು ಎಷ್ಟು ಕಪ್ಪಗಿದೆ! ಹಬ್ಬದ ದಿನ ದೇವರ ಮುಂದೆ ಹೀಗೆ ಇಡುವುದೇ? ಪಂಚಪಾತ್ರೆ, ದೀಪದ ಕಂಬ ತೊಳೆಯಲು ನೆನೆಸಿಟ್ಟ ಹುಣಸೆಹಣ್ಣು ಪಕ್ಕದಲ್ಲೇ ಇತ್ತು. ಒಂದಿಷ್ಟು ಉಪ್ಪು ಸೇರಿಸಿದಳು. ಸಿಂಕಿನ ಪಕ್ಕ ನಿಂತು, ಹಿತ್ತಾಳೆಯ ಪಟ್ಟಿಯನ್ನು ತೆಂಗಿನ ನಾರಿನಿಂದ ಉಜ್ಜಿದಳು. ಸಾಲದೆಂದು ಸ್ಟೀಲ್ ಗುಂಜಿನಿಂದಲೂ ಉಜ್ಜಿದಳು. ಹಟ ತೊಟ್ಟು ಉಜ್ಜಿದಳು, ಪ್ರೀತಿಯಿಂದ ಉಜ್ಜಿದಳು. ಅರ್ಧ ಗಂಟೆಯಲ್ಲಿ ಅದು ಬಂಗಾರದಂತೆ ಫಳಫಳ ಹೊಳೆಯಿತು. ಗಂಧ, ಕುಂಕುಮ ಇಟ್ಟು, ಹೂವು ಏರಿಸಿ, ಮಂಗಳಾರತಿಯನ್ನೂ ಮಾಡಿದಳು.

ಸಂಜೆ ಶ್ರೀನಾಥ ಬಂದ. ಬೂಟು ಕಳಚಿ, ಒಳಗೆ ಬಂದು, ಪೂಜೆಯ ಮುಂದೆ ನಿಂತ. ತುಂಬಾ ಹೊತ್ತು ನಿಂತ. ಆಮೇಲೆ, "ಚೆನ್ನಾಗ್ ಹೊಳೀತಿದೆ" ಎಂದ. ಕೈ ಮುಗಿದ. ಕೋಸಂಬರಿ ತಿಂದ.

ವಾರದ ಮೇಲೆ ಅವನು ಭೂತಗನ್ನಡಿ ಹಿಡಿದು ಆ ಪಟ್ಟಿಯನ್ನು ಓರೆಯಾಗಿ, ನೇರವಾಗಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದುದನ್ನು ಕಂಡಾಗಲೇ ಅವಳಿಗೆ ಹೊಳೆದದ್ದು. "ಅಯ್ಯೋ, ಹೆಸರು ಹೋಯ್ತೇನ್ರೀ?" ಎಂದಳು. ಅವನು ತಲೆ ಎತ್ತದೆ, "ಪರವಾಗಿಲ್ಲ ಬಿಡೆ" ಎಂದ. ಬೈದಿದ್ದರೆ ಜಗಳವಾಗಿ, ಅತ್ತು, ಎರಡು ದಿನದಲ್ಲಿ ಮುಗಿಯುತ್ತಿತ್ತು. ಈ ಮನುಷ್ಯ ಬೈಯಲಿಲ್ಲ. ಮುಂದಿನ ವರ್ಷದಿಂದ ಆ ಪಿಸ್ತೂಲು ಪೂಜೆಗೆ ಬರಲಿಲ್ಲ. ಭಾನುವಾರ ಬಿಳಿ ಬಟ್ಟೆಯ ಮೇಲೂ ಬರಲಿಲ್ಲ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆರು ವರ್ಷ ಊಟ, ತಿಂಡಿ, ಹಂಸಾಳ ಓದು, ಎಲ್ಲ ಮಾತೂ ಆಡಿದರು. ಅದೊಂದನ್ನು ಬಿಟ್ಟು.

ತಾನು ಹಾಳು ಮಾಡಿದ್ದು ಅವನ ಪ್ರಾಣಕ್ಕಿಂತ ಹೆಚ್ಚಿನದನ್ನು, ಅದಕ್ಕೇ ಅವನು ತನ್ನನ್ನು ಒಳಗೊಳಗೇ ಕ್ಷಮಿಸಲಿಲ್ಲ. ಹೀಗೆಂದು ವೇದವಲ್ಲಿ ಆರು ವರ್ಷ ನಂಬಿದ್ದಳು.

ಹಂಸಾ ತೊಕುನಾಗಾ-ಸಾನ್‌ಗೆ ಫೋನ್ ಮಾಡಿ, ಅಮ್ಮನಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ನಡೆದದ್ದು ಹೇಳಿದಳು. ಹಾಲ್ಕಂನ ಪಿಸ್ತೂಲನ್ನು ಶ್ರೀನಾಥ-ಸಾನ್ ಯಾಕೆ ಹಳೆಯ ಪಿಸ್ತೂಲು ಕೂಡಿಸುವವರ ಕೂಟಕ್ಕೆ ತರುವುದನ್ನು ನಿಲ್ಲಿಸಿದರು ಎಂದು ತಮಗೆ ಈಗ ತಿಳಿಯಿತು ಎಂದರು ಮುದುಕರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಪಿಸ್ತೂಲಿನ ಅಡಿಯ ನಂಬರಿನಲ್ಲಿ ಎರಡು ಅಂಕಿಗಳನ್ನು ತುಕ್ಕು ತಿಂದಿದೆ. ಹಾಗಾಗಿ ಇದು ಇದೇ ಪಿಸ್ತೂಲು ಎಂದು ಗುರುತಿಸುವುದಕ್ಕೆ ಇದ್ದದ್ದು ಆ ಹೆಸರೊಂದೇ. ಅದಿಲ್ಲದಿದ್ದರೆ, ಚೀಟಿ ಬೇರೆ, ಪಿಸ್ತೂಲು ಬೇರೆ ಎಂದು ಪರೀಕ್ಷಕರು ಹೇಳಬಹುದು. ಹಾಗೆ ಹೇಳಿದರೆ ಅದು ನೋಂದಣಿಯಿಲ್ಲದ ಆಯುಧ. ಪೊಲೀಸರಿಗೆ ಒಪ್ಪಿಸಬೇಕು. ಅವರು ಕತ್ತರಿಸಿ ಹಾಕುತ್ತಾರೆ.

"ಆದರೆ ಒಕುಸಾನ್, ಇದು ಬರೀ ಅಂಚೆಯಲ್ಲಿ ಕಳಿಸುವ ಅರ್ಜಿ" ಎಂದು ಸೇರಿಸಿದರು. "ಚೀಟಿಯಲ್ಲಿರುವ ಹಾಗೆ ತುಂಬಿ ಕಳಿಸಿದರೆ ಪಿಸ್ತೂಲನ್ನು ಯಾರೂ ನೋಡುವುದಿಲ್ಲ."

ಹಂಸಾ ಫೋನ್ ಕೆಳಗಿಟ್ಟು, "Just post it ಅಮ್ಮಾ. Nobody will know" ಎಂದಳು.

ವೇದವಲ್ಲಿ ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಳು. ಕೆತ್ತಿದ ಅಕ್ಷರ ಎಂದು ಹಂಸಾ ತೋರಿಸಿದ ಕಡೆ ಖಾಲಿ ಚೌಕ. ಅಲ್ಲಿ ಹೆಸರಿದೆ ಎಂದು ಬರೆದರೆ ಪಿಸ್ತೂಲು ಉಳಿಯುತ್ತದೆ, ಆದರೆ ಸಾಯುವವರೆಗೆ ತಾನು ಬಾಯಿ ಮುಚ್ಚಿಕೊಂಡೇ ಇರಬೇಕು. ಆರು ವರ್ಷ ಮುಚ್ಚಿಕೊಂಡದ್ದು ಸಾಲದೇ? ಇಲ್ಲವೆಂದು ಬರೆದರೆ, ಅವನು ಬಿಟ್ಟುಹೋದದ್ದನ್ನು ಅವಳೇ ಕೈಯಾರೆ ಕತ್ತರಿಗೆ ಕೊಟ್ಟಂತೆ. ಒಮ್ಮೆ ಹೆಸರು ತೆಗೆದದ್ದು ಆಯಿತು, ಈಗ ವಸ್ತುವನ್ನೇ ತೆಗೆಯುವುದು. ಯೋಚನೆ ಮಾಡುತ್ತಾ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

"ನಾನು ತಗೊಂಡ್ ಹೋಗಿ ತೋರಿಸ್ತೀನಿ" ಎಂದಳು.

"ಅಮ್ಮಾ, they will cut it!"

"ಕತ್ತರಿಸಲಿ. ನಾನ್ ಮಾಡಿದ್ದು ಅಂತ ಒಬ್ಬರ ಮುಂದಾದ್ರೂ ಹೇಳಿ ಬರ್ತೀನಿ."

ಮಂಡಳಿಯವರು ತಿಂಗಳಿಗೊಮ್ಮೆ ಆಯುಧ ಪರೀಕ್ಷಿಸುವ ದಿನ ಶುಕ್ರವಾರಕ್ಕೆ ಬಿದ್ದಿತ್ತು, ಹದಿನೆಂಟನೆಯ ದಿನ. ಪಿಸ್ತೂಲನ್ನು ಕೆಂಪು ರವಿಕೆ ಕಣದಲ್ಲಿ ಸುತ್ತಿ, ಚೀಟಿಯ ಜೊತೆ ಕೈಚೀಲದಲ್ಲಿಟ್ಟುಕೊಂಡು ಅಮ್ಮ, ಮಗಳು ರೈಲು ಹತ್ತಿದರು. ಶ್ರೀನಾಥನ ನೋಟ್‌ಬುಕ್ಕನ್ನೂ ತರಲು ತೊಕುನಾಗಾ-ಸಾನ್ ಹೇಳಿದ್ದರು. ಖರೀದಿಯ ದಿನ ಏನಾದರೂ ಬರೆದಿಟ್ಟಿದ್ದರೆ ಸಾಕ್ಷಿಯಾದೀತು ಎಂದು. ವೇದವಲ್ಲಿ ಅದನ್ನು ತೆರೆಯದೆಯೇ ಚೀಲಕ್ಕೆ ಹಾಕಿಕೊಂಡಿದ್ದಳು. ಅವನ ಅಕ್ಷರವನ್ನು ಈಗಲೇ ನೋಡುವ ಧೈರ್ಯ ಅವಳಿಗಿರಲಿಲ್ಲ.

ಸರ್ಕಾರಿ ಕಟ್ಟಡದ ಸಭಾಂಗಣ. ಮಡಿಸುವ ಮೇಜುಗಳು, ಹಸಿರು ಚಹಾದ ಥರ್ಮಾಸು. ಬಟ್ಟೆಯಲ್ಲಿ ಸುತ್ತಿದ ಉದ್ದುದ್ದ ಕತ್ತಿಗಳನ್ನು ತೊಡೆಯ ಮೇಲಿಟ್ಟುಕೊಂಡು ಮುದುಕರು, ವಿಧವೆಯರು ಸಾಲಾಗಿ ಕೂತಿದ್ದರು, ನಮ್ಮಲ್ಲಿ ರೇಷನ್ ಕಾರ್ಡ್ ಹಿಡಿದು ಕೂತ ಹಾಗೆ. ನಂಬರು ಕರೆದರು. ಪರೀಕ್ಷಕರು ಕನ್ನಡಕ ಹಣೆಗೇರಿಸಿಕೊಂಡ ತೆಳ್ಳನೆಯ ಮನುಷ್ಯ. ರವಿಕೆ ಕಣವನ್ನು ಬಿಡಿಸಿ, ಅಳೆದು, ನಂಬರು ನೋಡಿ, ಪಟ್ಟಿಯ ಮೇಲೆ ಮಸೂರ ಹಿಡಿದು ನಿಂತುಬಿಟ್ಟರು.

"ಅಕ್ಷರವನ್ನು ಬೇಕೆಂದೇ ಅಳಿಸಲಾಗಿದೆ" ಎಂದರು. "ಯಾರು? ಯಾವಾಗ? ಯಾಕೆ?"

ಅಷ್ಟು ಜಪಾನೀ ವೇದವಲ್ಲಿಗೂ ಅರ್ಥವಾಯಿತು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿದಳು. "ನಾನು." ಮುಂದಿನದಕ್ಕೆ ಮಾತು ಸಾಲದೆ ಕೈಯಲ್ಲಿ ಪಾತ್ರೆ ಉಜ್ಜುವಂತೆ ತೋರಿಸಿದಳು. ಹಂಸಾ ನಾಚಿಕೊಂಡು ಹಬ್ಬ, ಪೂಜೆ, ಹುಣಸೆಹಣ್ಣು ಎಂದೆಲ್ಲ ವಿವರಿಸಿದಳು. ಪರೀಕ್ಷಕರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಈ ಮಾತಿಗೆ ಆಗಿನ ಕಾಲದ ಬರವಣಿಗೆ ಏನಾದರೂ ಇದೆಯೇ ಎಂದರು.

ವೇದವಲ್ಲಿ ನೋಟ್‌ಬುಕ್ ತೆರೆದಳು. ಹಾಲ್ಕಂನ ಪುಟ ಹುಡುಕಲು ಕಷ್ಟವಾಗಲಿಲ್ಲ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಚಿತ್ತಾರ ಎಬ್ಬಿಸುತ್ತಿದ್ದೆವಲ್ಲ, ಹಾಗೆ ಹಿತ್ತಾಳೆ ಪಟ್ಟಿಯ ಅಚ್ಚೆತ್ತಿದ ತೆಳು ಕಾಗದವೊಂದು ಅಲ್ಲಿ ಅಂಟಿಸಿತ್ತು. ಇ. ಹಾಲ್ಕಂ, ಕೈ ಜಾರಿದ ಎಫ್, ಮೂಲೆಯಲ್ಲಿ ಒಂದು ಚಿಕ್ಕ ತಗ್ಗು. ಪರೀಕ್ಷಕರು ಅದನ್ನು ಪಟ್ಟಿಯ ಮೇಲೆ ಹಿಡಿದರು. ಅಕ್ಷರ ಹೋಗಿತ್ತು. ಮೂಲೆಯ ತಗ್ಗು ಅಲ್ಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅವರು ಮೊದಲ ಸಲ "ಹೋ" ಎಂದರು. ಕೆಳಗಿನ ಬರವಣಿಗೆಯತ್ತ ಬೆರಳಿಟ್ಟು, ಇದೇನು, ಓದಿ ಎಂದರು.

ಹಂಸಾಗೆ ಅಕ್ಷರ ಬಾರದು. ಓದಬೇಕಾದವಳು ವೇದವಲ್ಲಿಯೇ. ಅವಳು ಒಂದೊಂದು ಸಾಲು ಓದಿದಳು, ಹಂಸಾ ಒಂದೊಂದನ್ನೇ ಜಪಾನಿಗೆ ತಿರುಗಿಸಿದಳು.

"ಈ ಪಿಸ್ತೂಲು ಹಿಡಿದವರು. ಒಂದು, ಎಜ್ರಾ ಹಾಲ್ಕಂ, ಎಫ್ ತುಕಡಿಯ ಸವಾರ. ಹೆಸರು ಕೆತ್ತಿದವನು. ಎರಡು, ಯೊಕೊಹಾಮಾದಲ್ಲಿ ಕೊಂಡವರು, ಹೆಸರು ತಿಳಿಯದು. ಮೂರು, ಸಾಕೆ ವ್ಯಾಪಾರಿಯ ಮನೆಯವರು, ಐದು ತಲೆಮಾರು. ನಾಲ್ಕು, ಶ್ರೀನಾಥ, ಎರಡು ಸಾವಿರದ ಒಂಬತ್ತು."

ಐದನೆಯದು ಬೇರೆ ಶಾಯಿಯಲ್ಲಿತ್ತು. ಅದರ ಮೊದಲ ಪದ ನೋಡಿದ ಕೂಡಲೇ ವೇದವಲ್ಲಿ ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು.

"ಅಮ್ಮಾ?"

"ಐದು, ವೇದವಲ್ಲಿ" ಎಂದು ಓದಿದಳು. "ಎರಡು ಸಾವಿರದ ಹದಿನೆಂಟು, ಆಯುಧಪೂಜೆ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದಳು. ಹೆಸರು ಅಳಿಸಿತು. ನೂರೈವತ್ತು ವರ್ಷದಲ್ಲಿ ಇದನ್ನು ಎಷ್ಟೋ ಜನ ಹಿಡಿದಿದ್ದಾರೆ, ಮಾರಿದ್ದಾರೆ, ಬಚ್ಚಿಟ್ಟಿದ್ದಾರೆ. ಹೂವು ಏರಿಸಿ ಆರತಿ ಎತ್ತಿದವಳು ಇವಳೊಬ್ಬಳೇ. ಇದೂ ಇದರ ಚರಿತ್ರೆ."

ಹಂಸಾ ಹೇಗೋ ಅದನ್ನು ಮುಗಿಸಿದಳು. "ಮುಂದೆ?" ಎಂದಳು. ಕೆಳಗೆ ಇನ್ನೂ ಎರಡು ಸಾಲು ಇತ್ತು. ವೇದವಲ್ಲಿ ಮನಸ್ಸಿನಲ್ಲೇ ಓದಿಕೊಂಡಳು. "ಚೀಟಿಗೂ ಪಿಸ್ತೂಲಿಗೂ ಇನ್ನು ತಾಳೆಯಾಗದು. ಇದರಿಂದ ಪಿಸ್ತೂಲೇ ಕೈತಪ್ಪಬಹುದೆಂದು ವೇದಾಗೆ ಗೊತ್ತಾದರೆ ನೊಂದುಕೊಳ್ಳುತ್ತಾಳೆ, ಅವಳ ಕಣ್ಣಿಗೆ ಬೀಳದಂತೆ ಒಳಗಿಡಬೇಕು, ಹೇಳಬಾರದು."

"ಮುಂದೆ ಏನೂ ಇಲ್ಲ" ಎಂದು ನೋಟ್‌ಬುಕ್ ಮುಚ್ಚಿದಳು.

ಪರೀಕ್ಷಕರು ಇನ್ನಿಬ್ಬರನ್ನು ಕರೆದು ಪಿಸುಗುಟ್ಟಿದರು. ಅಚ್ಚೆತ್ತಿದ ಕಾಗದದ ಪ್ರತಿ ತೆಗೆಸಿದರು. ಕೊನೆಗೆ, ಇದು ಅದೇ ಪಿಸ್ತೂಲು ಎಂದರು. ಹಳೆಯ ಚೀಟಿ ಇಲ್ಲಿಗೆ ಮುಗಿಯಿತು, ಕೆತ್ತಿದ ಅಕ್ಷರ ಸವೆದಿದೆ ಎಂದು ಬರೆದ ಹೊಸದು ಬರುತ್ತದೆ. ಅರ್ಜಿಯನ್ನು ಅವಳ ಕಡೆ ತಿರುಗಿಸಿ, ಈಗಿನ ಒಡೆಯರ ಹೆಸರು ಎಂದು ತೋರಿಸಿದರು. ವೇದವಲ್ಲಿ ತನಗೆ ಬರುವ ನಾಲ್ಕಾರು ಜಪಾನೀ ಅಕ್ಷರಗಳಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಹೆಸರು ಉದ್ದವಾಗಿ ಚೌಕದಿಂದ ಆಚೆ ಹೋಯಿತು. ಪರೀಕ್ಷಕರು ಪರವಾಗಿಲ್ಲವೆಂದು ತಲೆಯಾಡಿಸಿದರು.

ಹಿಂದಿರುಗುವ ರೈಲಿಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತರು. ಹಂಸಾ ಪಕ್ಕದ ಮಷೀನಿನಿಂದ ಎರಡು ಬಾಟಲಿ ಚಹಾ ತಂದಳು. "We saved it, ಅಮ್ಮಾ" ಎಂದಳು. ವೇದವಲ್ಲಿ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಅವನು ಸಿಟ್ಟಿನಿಂದ ಒಳಗಿಟ್ಟನೆಂದು ಅವಳು ಆರು ವರ್ಷ ಕುಗ್ಗಿದಳು. ಅವಳು ನೋಯದಿರಲಿ ಎಂದು ಅವನು ಆರು ವರ್ಷ ತನ್ನ ಪ್ರೀತಿಯ ವಸ್ತುವನ್ನು ಮುಟ್ಟದೆ ಕೂತ. ಒಂದೇ ಮೇಜಿನಲ್ಲಿ, ಎದುರುಬದುರು, ಅನ್ನ ಕಲಸಿಕೊಂಡು! ಮೊದಲು ಬಂದದ್ದು ದುಃಖವಲ್ಲ, ಸಿಟ್ಟು.

"ಹೇಳಬಾರದಿತ್ತೇನ್ರೀ?" ಎಂದಳು, ಗಟ್ಟಿಯಾಗಿ, ಕನ್ನಡದಲ್ಲಿ, ಎದುರಿನ ಖಾಲಿ ಹಳಿಗೆ. "ಒಂದ್ ಮಾತು ಹೇಳಬಾರದಿತ್ತೇನ್ರೀ ನೀವು?"

ಪಕ್ಕದಲ್ಲಿದ್ದವರು ಸಭ್ಯತೆಯಿಂದ ತಮ್ಮ ಫೋನಿನೊಳಗೆ ಇನ್ನಷ್ಟು ಮುಖ ಹುದುಗಿಸಿದರು. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಹಂಸಾ ಎರಡೂ ಬಾಟಲಿಗಳನ್ನು ಕೆಳಗಿಟ್ಟು ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಕೂತಳು. ಹದಿನೆಂಟು ದಿನದ್ದೂ, ಆರು ವರ್ಷದ್ದೂ ಸೇರಿಸಿ ಅಳುತ್ತಿದ್ದ ವೇದವಲ್ಲಿ ಮುಂದಿನ ರೈಲನ್ನೂ ಹತ್ತಲಿಲ್ಲ.